ಎದುರಿನ ಕುರ್ಚಿ

ಮೊದಲು ಬಂದದ್ದು ಬ್ಯಾಂಕಿನ ಫಾರಂ.
ಪವಿತ್ರಾತ್ಮ ಎತ್ತಲಿಂದ ಬೀಸುತ್ತಾನೋ ಯಾರಿಗೂ ತಿಳಿಯದು,
ಚೆಕ್ಕಿಗೆ ಮಾತ್ರ ಎರಡು ಸಹಿ ಬೇಕು.
ಮೂವತ್ತೊಂದು ವರ್ಷದಿಂದ ಒಂದು ನನ್ನದು,
ಆರ್ಡಿಸ್ ಕ್ವಾಮ್ಮೆ, ಖಜಾಂಚಿ.
ಇನ್ನೊಂದು ಪಾಸ್ಟರ್ ವರ್ಜಿಲ್ ಹೌಗ್‌ಸ್ಟಾಡ್ ಅವರದು,
ಈಚೀಚೆಗೆ ಗೆರೆ ದಾಟಿ, ಕೆಳಗಿಳಿದು,
ತಾರೀಖಿನ ಮನೆಗೆ ನುಗ್ಗುವ ಸಹಿ.

ಕಚೇರಿಯೆಂದರೆ ಹಲ್ಲಿನ ಡಾಕ್ಟರ ಮಹಡಿಯ ಮೇಲೆ ಎರಡು ಕೋಣೆ.
ಇಲ್ಲಿ ಪ್ರಾರ್ಥನೆ, ಕೆಳಗೆ ಡ್ರಿಲ್ಲು.
ಗೋಡೆಯ ನಕ್ಷೆಯಲ್ಲಿ ಡಕೋಟದಿಂದ ವಿಸ್ಕಾನ್ಸಿನ್‌ವರೆಗೆ
ಸಭೆಗೊಂದು ಗುಂಡುಸೂಜಿ.
ಕೆಲವು ಉದುರಿವೆ, ತೂತು ಉಳಿದಿದೆ.
ಆ ಊರುಗಳಲ್ಲಿ ದೇವಾಲಯ ಈಗ ಯಾರದೋ ಮನೆ,
ಬಲಿಪೀಠವಿದ್ದಲ್ಲಿ ಫ್ರಿಜ್ಜು.

ಅವರನ್ನು ನಾನು ಮೊದಲು ಕಂಡದ್ದು ಎಪ್ಪತ್ತನಾಲ್ಕರಲ್ಲಿ,
ಕಾಲೇಜಿನ ಜಿಮ್ಮು, ಬಾಸ್ಕೆಟ್‌ಬಾಲ್ ಬಳೆಯ ಕೆಳಗೆ.
ನಾವೋ ನಾರ್ವೆಯವರ ಮೊಮ್ಮಕ್ಕಳು,
ಮದುವೆಯಲ್ಲೂ ಜೇಬಿನಿಂದ ಕೈ ತೆಗೆಯದವರು.
ಅವರ ಅಂಗೈ ನಡುಗುತ್ತ ಅಪ್ಪನ ತಲೆಯ ಮೇಲೆ ಕೂತಿತು.
ಬೀಟ್‌ರೂಟಿನ ಬೆಲೆ ಬಿಟ್ಟು ಬೇರೆ ಮಾತಾಡದ ಅಪ್ಪ
ಅತ್ತೇಬಿಟ್ಟ.
ನಡುಕವೇ ಆತ್ಮ ಅಂದರು ಜನ.
ಬಾಗಿಲ ಹತ್ತಿರ ನಿಂತವರು, ಸೆಖೆ ಅಂದರು.

ಈ ಆಗಸ್ಟಿನಲ್ಲಿ ಅದೇ ಜಿಮ್ಮು, ಬಳೆ ಹೊಸದು.
ಅದರಡಿ ಮಂಡಿಯೂರಿದವಳು ಜಲೆನೆ ಟೊಲೇರಾ,
ಹುಟ್ಟಿದ್ದು ವೊಲ್ಲೆಗ, ಉಪದೇಶ ಒರೊಮೊ ಸಭೆಯಲ್ಲಿ,
ಹನ್ನೊಂದು ವರ್ಷ ವೃದ್ಧಾಶ್ರಮದಲ್ಲಿ ರಾತ್ರಿಪಾಳಿ.
ಮಂಡಲಿಯ ಮತ: ಏಳಕ್ಕೆ ನಾಲ್ಕು.
ನಾಲ್ಕರಲ್ಲಿ ನಾನೊಬ್ಬಳು. ನಡಾವಳಿಯಲ್ಲಿ ಹೆಸರಿಲ್ಲ,
ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ವರ್ಜಿಲ್ ಕೈಯಿಟ್ಟರು.
ಆ ನಡುಕಕ್ಕೆ ಈಗ ಫಾರ್ಗೋದ ಡಾಕ್ಟರು ಕೊಟ್ಟ ಹೆಸರಿದೆ,
ದಿನಕ್ಕೆ ಮೂರು ಗುಳಿಗೆ ಇದೆ.
ಅವಳ ಸಣ್ಣ ಸಣ್ಣ ಜಡೆಗಳ ತುದಿಯವರೆಗೂ ಇಳಿಯಿತು ಅದು.
ಎಷ್ಟು ಕಾಯಿಲೆ, ಎಷ್ಟು ವರ,
ಯಾವ ಕಾಲಮ್ಮಿಗೆ ಹಾಕಲಿ?
ಅವಳು ತಲೆ ಎತ್ತಲಿಲ್ಲ.
ಬಗ್ಗಿದಲ್ಲಿಂದಲೇ ತೋಳು ಚಾಚಿ ಆ ಕೈಯನ್ನು ಹಿಡಿದಳು,
ನಡುರಾತ್ರಿ ಯಾರದೋ ಕೈಯೊಳಗಿನ ಲೋಟ
ಚೆಲ್ಲದ ಹಾಗೆ ಹಿಡಿಯುತ್ತಾರಲ್ಲ,
ಹಾಗೆ.

ಆಮೇಲೆ ಕಾಫಿ, ನಿಂಬೆ ಕೇಕು,
ಮಡಿಸಿಟ್ಟ ಕುರ್ಚಿಗಳ ಠಣಠಣ.

ಮಂಗಳವಾರ ಹತ್ತು ಗಂಟೆಗೆ ಮೆಟ್ಟಿಲ ಮೇಲೆ ಗುರುತಿನ ಹೆಜ್ಜೆ.
ಬೀಗದಕೈ ಒಪ್ಪಿಸಿದ ಮನುಷ್ಯ
ನಲವತ್ತು ವರ್ಷದಲ್ಲಿ ಮೊದಲ ಸಲ ಈ ಬಾಗಿಲು ತಟ್ಟಿದರು.
ಜಲೆನೆ ಫೋನಿನಲ್ಲಿದ್ದಳು,
ತಾಯಿಯೊಂದಿಗೋ ಬಿಷಪ್ಪರೊಂದಿಗೋ, ನಗು ಎರಡಕ್ಕೂ ಒಂದೇ.
ಬನ್ನಿ ಅಂತ ಕೈಬೀಸಿದಳು.
ಅವರು ಅಭ್ಯಾಸಬಲದಿಂದ ಮೇಜಿನ ಆಚೆ ಒಂದು ಹೆಜ್ಜೆ ಇಟ್ಟು,
ತಡೆದು, ತಿರುಗಿ,
ಎದುರಿನ ಕುರ್ಚಿಯಲ್ಲಿ ಕೂತರು.

ಯಾರು ಕೂತಿಲ್ಲ ಆ ಕುರ್ಚಿಯಲ್ಲಿ!
ಹೆಂಡತಿ ಬಿಟ್ಟುಹೋದ ಪಾಸ್ಟರು,
ದೇವರೇ ಬಿಟ್ಟುಹೋದ ಅಂದ ಪಾಸ್ಟರು,
ಅನ್ಯಭಾಷೆಯಲ್ಲಿ ಮಾತಾಡಿದ್ದಕ್ಕೆ ಕೆಲಸ ಕಳಕೊಂಡ ಆರ್ಗನ್‌ವಾದಕಿ,
ಸಂಬಳ ಕೇಳಲು ಬಂದು ಕೇಳದೆ ಎದ್ದ ನಾನು.

ಅವರು ಎಡಕ್ಕೆ ಸರಿದರು. ಬಲಕ್ಕೆ ಸರಿದರು.
"ಆರ್ಡಿಸ್, ಇದರ ಸ್ಪ್ರಿಂಗು ಹೀಗೆ ಚುಚ್ಚುತ್ತದೆ ಅಂತ
ನನಗೆ ಯಾಕೆ ಯಾರೂ ಹೇಳಲಿಲ್ಲ?"

ಹೇಳಿದ್ದೆವು.
ತೊಂಬತ್ತೆಂಟರ ಮಾರ್ಚ್ ನಡಾವಳಿ, ಆರನೆಯ ವಿಷಯ:
ಹೊಸ ಕುರ್ಚಿ. ಮುಂದೂಡಲಾಗಿದೆ.

ಬಾಯಿ ಬಿಡಲಿಲ್ಲ ನಾನು. ಫಾರಂ ಮುಂದಿಟ್ಟೆ.
ಹಳೆಯ ಸಹಿ ರದ್ದಾಗಬೇಕಾದರೆ
ಹಳೆಯ ಸಹಿಯೇ ಬೇಕಂತೆ.
ಅವರು ಪೆನ್ನು ಹಿಡಿದು ಬಗ್ಗಿದರು.
ಜಲೆನೆ, ಮಾತು ನಿಲ್ಲಿಸದೆ,
ಕಾಗದ ಜಾರದಂತೆ ಅದರ ಮೂಲೆಗೆ ಎರಡು ಬೆರಳಿಟ್ಟಳು.

ಕೆಳಗೆ ಡ್ರಿಲ್ಲು ಶುರುವಾಯಿತು.
ಸಹಿ ಗೆರೆ ದಾಟಿತು.
ಬ್ಯಾಂಕಿನವರು ಒಪ್ಪಿದರೆ ಒಪ್ಪಿದರು.